ಮೂರನೇ ಪುಸ್ತಕ ಯಾಕೆ ಇಷ್ಟವಾಗುವುದಿಲ್ಲ?

ನಮ್ಮೂರಿನ ಗ್ರಂಥಾಲಯದಲ್ಲಿ ಹೈಸ್ಕೂಲು ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತು ಇದು. ಅಲ್ಲಿ ಹೇಳಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ. ಕತೆಗಳ ಕೊನೆಯನ್ನೂ ಹೇಳಿಬಿಟ್ಟಿದ್ದೇನೆ. ಇನ್ನೂ ಓದದವರು ಅದನ್ನು ತಿಳಿದೇ ಮುಂದಕ್ಕೆ ಹೋಗಿ.

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಹಂಗರ್ ಗೇಮ್ಸ್ ಎಂಬ ಇಂಗ್ಲಿಷ್ ಕಾದಂಬರಿ ಸರಣಿ ಓದಿದವರು ಕೈ ಎತ್ತಿ ಅಂದೆ. ತುಂಬಾ ಕೈಗಳು ಎದ್ದವು. ಈಗ ಅದರ ಮೂರನೇ ಪುಸ್ತಕ ಮಾಕಿಂಗ್‌ಜೇ ಪೂರ್ತಿ ಓದಿ ಮುಗಿಸಿದವರು ಮಾತ್ರ ಹಾಗೇ ಇಟ್ಟುಕೊಳ್ಳಿ ಅಂದೆ. ನೋಡಿದಿರಲ್ಲ, ಎಷ್ಟು ಕೈ ಕೆಳಗೆ ಬಂದವು! ಮುಗಿಸಿದ ಒಬ್ಬ ಹುಡುಗಿ ನಾನು ಕೇಳದಿದ್ದರೂ ಹೇಳಿದಳು: "ಓದಿದೆ ಮಿಸ್, ಆದ್ರೆ ಚೆನ್ನಾಗಿಲ್ಲ. ಗೆದ್ದ ಮೇಲೂ ಯಾರಿಗೂ ಖುಷಿನೇ ಇಲ್ಲ."

ಈ ಮಾತನ್ನು ನಾನು ಹಲವು ವರ್ಷಗಳಿಂದ ಕೇಳುತ್ತಿದ್ದೇನೆ. ಹಂಗರ್ ಗೇಮ್ಸ್ ಬಗ್ಗೆ ಮಾತ್ರ ಅಲ್ಲ, ಡೈವರ್ಜೆಂಟ್ ಬಗ್ಗೆ, ಮೇಜ್ ರನ್ನರ್ ಬಗ್ಗೆಯೂ. ಮೊದಲನೆಯದು ಸೂಪರ್, ಎರಡನೆಯದು ಪರವಾಗಿಲ್ಲ, ಮೂರನೆಯದು ಬೋರು. ಹಾಗಾಗಿ ಇವತ್ತು ಈ ಸರಣಿಗಳನ್ನು ಹೋಲಿಸುವಾಗ ಮೂರನೇ ಪುಸ್ತಕವನ್ನೇ ಮುಂದಿಟ್ಟುಕೊಳ್ಳುತ್ತೇನೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತ ಮೊದಲ ಪುಸ್ತಕ ಹೇಳಿಕೊಡುತ್ತದೆ. ಅದು ಸುಲಭದ ಕೆಲಸ. ಮೂರನೇ ಪುಸ್ತಕದ ಹೊತ್ತಿಗೆ ಅಧಿಕಾರ ನಮ್ಮವರ ಕೈಗೆ ಬಂದಿರುತ್ತದೆ, ಇಲ್ಲವೇ ಬರುವುದರಲ್ಲಿರುತ್ತದೆ. ಆಗ ನಮ್ಮವರನ್ನೂ ಅಷ್ಟೇ ಗಟ್ಟಿಯಾಗಿ ಪ್ರಶ್ನೆ ಕೇಳುವ ಧೈರ್ಯ ಲೇಖಕರಿಗೆ ಇದೆಯಾ? ನಾನು ನೋಡುವುದು ಇದನ್ನು.

ಅಪ್ಪ ಅಮ್ಮಂದಿರಿಗಾಗಿ ಒಂದು ಮಾತು. ಇಂಥ ಸರಣಿಗಳನ್ನು ಡಿಸ್ಟೋಪಿಯ ಅನ್ನುತ್ತಾರೆ, ಅಂದರೆ ಕೆಟ್ಟುಹೋದ ನಾಳೆಯ ಕತೆ. ಇವತ್ತು ನಮ್ಮ ನಡುವೆ ಇರುವ ಯಾವುದೋ ಒಂದು ತಪ್ಪನ್ನು ಹಿಡಿದು, ಇದು ಹೀಗೇ ಬೆಳೆದರೆ ಊರು ಹೇಗಿರುತ್ತದೆ ಅಂತ ಕಟ್ಟಿ ತೋರಿಸುತ್ತಾರೆ. ಈ ಕತೆಗಳಲ್ಲಿ ಮುಖ್ಯ ಪಾತ್ರಗಳು ಹದಿಹರೆಯದ ಮಕ್ಕಳು. 2008ರಿಂದ ಐದಾರು ವರ್ಷ ಇಂಥ ಪುಸ್ತಕಗಳು ಮಳೆ ಸುರಿದ ಹಾಗೆ ಬಂದವು. ನಿಮ್ಮ ಮಕ್ಕಳ ಬ್ಯಾಗಿನಲ್ಲಿ ಇಂಗ್ಲಿಷಿನ ದಪ್ಪ ಪುಸ್ತಕ ಕಂಡರೆ ಅದು ಇದೇ ಜಾತಿಯದ್ದಿರಬಹುದು.

ಗೆದ್ದ ಮೇಲಿನ ಕತೆ ಜನಕ್ಕೆ ಬೇಡವಾಗುವುದು ಹೊಸತೇನಲ್ಲ. ಕುಮಾರವ್ಯಾಸ ಭಾರತವನ್ನು ಗದಾಪರ್ವದ ತನಕ, ಹತ್ತು ಪರ್ವ ಹೇಳಿ ನಿಲ್ಲಿಸಿದ. ಉಳಿದದ್ದನ್ನು ಬರೆದವನು ತಿಮ್ಮಣ್ಣ ಕವಿ, ಕೃಷ್ಣದೇವರಾಯನ ಕಾಲದಲ್ಲಿ. ಕುಮಾರವ್ಯಾಸನನ್ನು ಊರೂರಲ್ಲಿ ಗಮಕ ಮಾಡಿ ಕೇಳುತ್ತೇವೆ. ತಿಮ್ಮಣ್ಣನನ್ನು ಎಷ್ಟು ಜನ ಓದಿದ್ದೇವೆ? ಆದರೆ ಸತ್ತ ಮಕ್ಕಳಿಗಾಗಿ ತಾಯಂದಿರು ಅಳುವುದು, ಧರ್ಮರಾಯ ಈ ರಾಜ್ಯ ನನಗೆ ಬೇಡ ಅನ್ನುವುದು, ಎಲ್ಲ ಬರುವುದು ಆ ಉಳಿದ ಭಾಗದಲ್ಲೇ. ಮಾಕಿಂಗ್‌ಜೇ ಓದುವಾಗ ನನಗೆ ಇದೇ ನೆನಪಾಗುತ್ತಿತ್ತು.

ಮೊದಲು ಅದನ್ನೇ ತೆಗೆದುಕೊಳ್ಳೋಣ. ಸುಜಾನ್ ಕಾಲಿನ್ಸ್ ಬರೆದ ಈ ಸರಣಿ 2008, 2009, 2010ರಲ್ಲಿ ಬಂತು. ಒಂದು ರಾತ್ರಿ ಅವರು ಟಿವಿ ಚಾನೆಲ್ ಬದಲಾಯಿಸುತ್ತಾ ಕೂತಿದ್ದರಂತೆ. ಒಂದರಲ್ಲಿ ಹುಡುಗ ಹುಡುಗಿಯರ ರಿಯಾಲಿಟಿ ಶೋ, ಇನ್ನೊಂದರಲ್ಲಿ ಇರಾಕ್ ಯುದ್ಧ. ನೋಡುತ್ತಾ ನೋಡುತ್ತಾ ಎರಡೂ ಕಲಸಿಹೋದವು. ಕತೆ ಹುಟ್ಟಿದ್ದು ಅಲ್ಲಿ. ಪನೆಮ್ ಎಂಬ ದೇಶ. ಒಂದು ರಾಜಧಾನಿ, ಅದಕ್ಕಾಗಿ ದುಡಿಯುವ 12 ಜಿಲ್ಲೆಗಳು. ಹಿಂದೆ ದಂಗೆ ಎದ್ದಿದ್ದಕ್ಕೆ ಶಿಕ್ಷೆಯಾಗಿ ಪ್ರತಿ ಜಿಲ್ಲೆಯೂ ವರ್ಷಕ್ಕೊಮ್ಮೆ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಕಳಿಸಬೇಕು. 24 ಮಕ್ಕಳು ಒಬ್ಬರು ಉಳಿಯುವ ತನಕ ಒಬ್ಬರನ್ನೊಬ್ಬರು ಕೊಲ್ಲಬೇಕು. ಇಡೀ ದೇಶ ಅದನ್ನು ಟಿವಿಯಲ್ಲಿ ನೋಡಬೇಕು.

ಎಲ್ಲರೂ ಆ ಹೊಡೆದಾಟದ ಬಗ್ಗೆ ಮಾತಾಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಚೀಟಿಯ ಲೆಕ್ಕ. ಆಟಕ್ಕೆ ಯಾರು ಹೋಗಬೇಕು ಅಂತ ಒಂದು ಪಾತ್ರೆಯಿಂದ ಚೀಟಿ ಎತ್ತಿ ಆರಿಸುತ್ತಾರೆ. 12 ತುಂಬಿದಾಗ ಆ ಪಾತ್ರೆಯಲ್ಲಿ ನಿಮ್ಮ ಹೆಸರಿನ ಒಂದು ಚೀಟಿ ಬೀಳುತ್ತದೆ. ಆಮೇಲೆ ವರ್ಷಕ್ಕೊಂದು ಸೇರುತ್ತಾ ಹೋಗುತ್ತದೆ. ಮನೆಯಲ್ಲಿ ಅನ್ನಕ್ಕಿಲ್ಲ ಅಂದರೆ ಇನ್ನೊಂದು ಚೀಟಿ ಹಾಕಿಸಿಕೊಳ್ಳಬಹುದು. ಅದಕ್ಕೆ ಬದಲಾಗಿ ಒಬ್ಬರಿಗೆ ಒಂದು ವರ್ಷಕ್ಕೆ ಹೇಗೋ ಸಾಲುವಷ್ಟು ಕಾಳು, ಎಣ್ಣೆ ಕೊಡುತ್ತಾರೆ. ಕತೆಯ ನಾಯಕಿ ಕ್ಯಾಟ್ನಿಸ್ ತನಗೆ, ಅಮ್ಮನಿಗೆ, ತಂಗಿಗೆ ಅಂತ ಪ್ರತಿ ವರ್ಷ ಮೂರು ಜಾಸ್ತಿ ಹಾಕಿಸುತ್ತಾಳೆ. ವರ್ಷಕ್ಕೆ 4. ಕತೆ ಶುರುವಾಗುವಾಗ ಅವಳಿಗೆ 16 ವರ್ಷ, ಪಾತ್ರೆಯಲ್ಲಿ ಅವಳ ಹೆಸರು 20 ಸಲ. ಅವಳ ಗೆಳೆಯ ಗೇಲ್‌ನ ಮನೆಯಲ್ಲಿ ಬಾಯಿ ಜಾಸ್ತಿ, ಅವನ ಹೆಸರು 42 ಸಲ. ಉಳ್ಳವರ ಮಕ್ಕಳದ್ದೂ ಅದೇ ಪಾತ್ರೆ, ಆದರೆ ಅವರ ಚೀಟಿ ಬೆರಳೆಣಿಕೆಯಷ್ಟು. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಹಸಿವು ಇಲ್ಲಿ ಆಟದ ಹೆಸರಿನಲ್ಲಿ ಮಾತ್ರ ಇಲ್ಲ, ಆಟದ ಒಳಗೇ ಇದೆ. ಕೊನೆಗೆ ಎದ್ದು ಬರುವುದು ಒಂದೇ ಒಂದು ಚೀಟಿ ಇದ್ದ 12 ವರ್ಷದ ತಂಗಿ ಪ್ರಿಮ್‌ಳ ಹೆಸರು. ಅವಳ ಬದಲು ಅಕ್ಕ ಹೋಗುತ್ತಾಳೆ.

ಈಗ ಮೂರನೇ ಪುಸ್ತಕ. ರಾಜಧಾನಿಯ ವಿರುದ್ಧ ನಿಂತವರು ಹದಿಮೂರನೇ ಜಿಲ್ಲೆಯವರು. ನಾಶವಾಗಿದೆ ಅಂತ ಎಲ್ಲರೂ ನಂಬಿದ್ದ ಆ ಜಿಲ್ಲೆ ನೆಲದ ಕೆಳಗೆ ಬದುಕಿಕೊಂಡಿದೆ. ಎಲ್ಲರಿಗೂ ಒಂದೇ ಬೂದು ಬಟ್ಟೆ. ಅಳತೆ ಊಟ. ಬೆಳಗಾದರೆ ಅವತ್ತು ಏನೇನು ಮಾಡಬೇಕು ಅಂತ ತೋಳಿನ ಮೇಲೆ ಶಾಯಿಯಲ್ಲಿ ಅಚ್ಚು ಬೀಳುತ್ತದೆ. ಇವರು ನಮ್ಮವರು. ಇವರ ನಾಯಕಿ ಕಾಯಿನ್. ರಾಜಧಾನಿಯ ಅಧ್ಯಕ್ಷ ಸ್ನೋ ಕ್ಯಾಟ್ನಿಸ್‌ಳನ್ನು ಕ್ಯಾಮೆರಾ ಮುಂದೆ ನಿಲ್ಲಿಸಿದ್ದ. ಕಾಯಿನ್ ಕೂಡ ನಿಲ್ಲಿಸುತ್ತಾಳೆ, ಬೇರೆ ಬಟ್ಟೆ ತೊಡಿಸಿ. ಓದುವ ಮಕ್ಕಳಿಗೆ ಕಿರಿಕಿರಿ ಶುರುವಾಗುವುದು ಇಲ್ಲಿಂದ. ಆಗಲೇಬೇಕು.

ಯುದ್ಧದ ಕೊನೆಯಲ್ಲಿ ಸ್ನೋನ ಅರಮನೆಯ ಮುಂದೆ ಪುಟ್ಟ ಮಕ್ಕಳನ್ನು ಕೂಡಿಹಾಕಿರುತ್ತಾರೆ. ಮೇಲಿಂದ ಸಣ್ಣ ಪ್ಯಾರಾಚೂಟ್‌ಗಳು ಇಳಿಯುತ್ತವೆ. ಉಡುಗೊರೆ ಅಂದುಕೊಂಡು ಮಕ್ಕಳು ಕೈ ಚಾಚುತ್ತವೆ. ಬಾಂಬ್ ಸಿಡಿಯುತ್ತದೆ. ಉಳಿದ ಮಕ್ಕಳನ್ನು ಕಾಪಾಡಲು ಬಂಡಾಯದವರ ವೈದ್ಯರ ತಂಡ ಓಡಿ ಬರುತ್ತದೆ. ಆಗ ಮಿಕ್ಕ ಬಾಂಬುಗಳು ಸಿಡಿಯುತ್ತವೆ. ಆ ತಂಡದಲ್ಲಿ ಪ್ರಿಮ್ ಇರುತ್ತಾಳೆ. ಅವಳಿಗೆ ಇನ್ನೂ 14 ತುಂಬಿಲ್ಲ. ಮೊದಲ ಸ್ಫೋಟ ಜನರನ್ನು ಸೇರಿಸಲು, ಎರಡನೆಯದು ಸೇರಿದವರನ್ನು ಕೊಲ್ಲಲು. ಈ ಉಪಾಯವನ್ನು ನಾವು ಮೊದಲು ಕೇಳಿದ್ದು ಎಲ್ಲಿ? ನಮ್ಮದೇ ಕಡೆಯ ಕೋಣೆಯಲ್ಲಿ, ಗೇಲ್‌ನ ಬಾಯಲ್ಲಿ. ನಿನ್ನ ಬಾಂಬಾ ಅಂತ ಕ್ಯಾಟ್ನಿಸ್ ಕೇಳಿದರೆ ಗೇಲ್‌ಗೆ ಗೊತ್ತಿಲ್ಲ. ಅದನ್ನು ಬೀಳಿಸಿದ್ದು ಯಾರು ಅಂತ ಕಾಲಿನ್ಸ್ ಖಚಿತವಾಗಿ ಹೇಳುವುದೇ ಇಲ್ಲ. ತಂಗಿಯನ್ನು ಉಳಿಸಲು ಅಂತ ಶುರುವಾದ ಕತೆಯಲ್ಲಿ ತಂಗಿ ಉಳಿಯುವುದಿಲ್ಲ. ಅದೂ ಬಹುಶಃ ನಮ್ಮವರ ಕೈಯಿಂದಲೇ. ಹದಿಹರೆಯದ ಓದುಗರನ್ನು ನಂಬಿ ಇಂಥದ್ದನ್ನು ಬರೆಯುವುದಕ್ಕೆ ಎಂಥ ಗುಂಡಿಗೆ ಬೇಕು!

ಒಂದು ಪಕ್ಕದ ಮಾತು. ಮೊದಲ ಪುಸ್ತಕದಲ್ಲಿ ಹನ್ನೆರಡನೇ ಜಿಲ್ಲೆಯ ಜನ ಮೂರು ಬೆರಳನ್ನು ತುಟಿಗೆ ಮುಟ್ಟಿಸಿ ಎತ್ತಿ ಹಿಡಿಯುತ್ತಾರೆ. ಅದು ಆ ಊರಲ್ಲಿ ಸಾವಿನ ಮನೆಯಲ್ಲಿ ಮಾಡುವ ಸನ್ನೆ. ಪ್ರೀತಿಯವರಿಗೆ ಹೇಳುವ ವಿದಾಯ. 2014ರಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಹಿಡಿದಾಗ ಅಲ್ಲಿನ ವಿದ್ಯಾರ್ಥಿಗಳು ಬೀದಿಯಲ್ಲಿ ಮೂರು ಬೆರಳು ಎತ್ತಿದರು. ಅಷ್ಟಕ್ಕೇ ಪೊಲೀಸರು ಕೆಲವರನ್ನು ಹಿಡಿದುಕೊಂಡು ಹೋದರು. 2021ರಲ್ಲಿ ಮ್ಯಾನ್ಮಾರಿನವರೂ ಅದೇ ಬೆರಳು ಎತ್ತಿದರು. ಮಕ್ಕಳ ಪುಸ್ತಕ ಸುಮ್ನೆ ಹೊತ್ತು ಕಳೆಯಲು ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಇನ್ನು ಡೈವರ್ಜೆಂಟ್. 2011ರಿಂದ 2013ರ ತನಕ ಬಂದ ಮೂರು ಪುಸ್ತಕ. ವೆರೋನಿಕಾ ರಾಥ್ ಮೊದಲನೆಯದನ್ನು ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಬರೆದರು. ಶಿಕಾಗೊ ನಗರ ಐದು ಪಂಗಡಗಳಾಗಿದೆ. ತ್ಯಾಗ, ಸ್ನೇಹ, ನೇರ ಮಾತು, ಧೈರ್ಯ, ಜಾಣತನ. ಒಬ್ಬರಿಗೆ ಒಂದೇ ಗುಣ. 16 ತುಂಬಿದವರು ಎಲ್ಲರೆದುರು ಕೈ ಕೊಯ್ದುಕೊಂಡು ಐದು ಬೋಗುಣಿಗಳಲ್ಲಿ ಒಂದಕ್ಕೆ ರಕ್ತ ಹನಿಸಬೇಕು. ತ್ಯಾಗಕ್ಕೆ ಕಲ್ಲು, ಜಾಣತನಕ್ಕೆ ನೀರು, ಸ್ನೇಹಕ್ಕೆ ಮಣ್ಣು, ಧೈರ್ಯಕ್ಕೆ ಕೆಂಡ, ನೇರ ಮಾತಿಗೆ ಗಾಜು. ಒಮ್ಮೆ ಹನಿಸಿದರೆ ಮುಗಿಯಿತು, ಹಿಂದೆ ಬರುವಂತಿಲ್ಲ. ಅಪ್ಪ ಅಮ್ಮನೂ ಆಮೇಲೆ ದೂರದವರೇ. ಎಲ್ಲೂ ಸಲ್ಲದವರು ಬೀದಿಯಲ್ಲಿ.

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಈ ದೃಶ್ಯ ಎಷ್ಟು ಹತ್ತಿರ ಅಂತ ನಾನು ಹೇಳಬೇಕಾ? ಅದೇ ವಯಸ್ಸು. ಸೈನ್ಸಾ, ಕಾಮರ್ಸಾ, ಆರ್ಟ್ಸಾ? ಒಂದು ಸಲ ಅಂತ ಆರಿಸಿದ ಮೇಲೆ ಇಡೀ ಬದುಕು ಅದರ ಮೇಲೆ ನಿಂತಿದೆ ಅಂತ ಮನೆ ಮಂದಿಯೆಲ್ಲ ಹೇಳುತ್ತಾರೆ. ನನ್ನ ತರಗತಿಯ ಹುಡುಗನೊಬ್ಬ ಈ ಅಧ್ಯಾಯವನ್ನು ಎರಡು ಸಲ ಓದಿಸಿಕೊಂಡ. ಮೊದಲ ಪುಸ್ತಕವಾಗಿ ಡೈವರ್ಜೆಂಟ್ ಗೆಲ್ಲುವುದು ಈ ಒಂದು ಚಿತ್ರದಿಂದ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಮೂರನೆಯದು ಅಲಿಜಿಯಂಟ್. ಅಲ್ಲಿ ನಾಯಕಿ ಟ್ರಿಸ್ ಊರಿನ ಬೇಲಿ ದಾಟುತ್ತಾಳೆ. ಹೊರಗೆ ಗೊತ್ತಾಗುವುದೇನು? ಇಡೀ ನಗರ ಒಂದು ಪ್ರಯೋಗ. ಹಿಂದೆ ಮನುಷ್ಯರ ಜೀನ್ ತಿದ್ದಲು ಹೋಗಿ ಕೆಡಿಸಿದ್ದರು. ಈಗ ಅವು ತಾವಾಗಿ ಸರಿಹೋಗಲಿ ಅಂತ ಜನರನ್ನು ಕೂಡಿಹಾಕಿ ಕಾಯುತ್ತಿದ್ದಾರೆ. ಹೊರಗಿನ ಪ್ರಪಂಚದಲ್ಲಿ ಎರಡೇ ಬಗೆ: ಜೀನ್ ಶುದ್ಧ ಇರುವವರು, ಜೀನ್ ಕೆಟ್ಟವರು. ಗುಣ ನೋಡಿ ಪಂಗಡ ಮಾಡಿದ್ದ ಕತೆ ಇಲ್ಲಿ ಹುಟ್ಟು ನೋಡಿ ಪಂಗಡ ಮಾಡುವ ಕಡೆಗೆ ಹೊರಳಿತು. ಶುದ್ಧ ಎಂಬ ಮಾತು ನಮ್ಮ ಊರುಗಳಲ್ಲಿ ಏನೇನು ಮಾಡಿದೆ ಅಂತ ಗೊತ್ತಿರುವ ನಮಗೆ ಇದು ದೊಡ್ಡ ವಿಷಯ. ಇದರಲ್ಲಿ ಒಂದು ತುಂಬಾ ಒಳ್ಳೆಯ ಎಳೆಯೂ ಇದೆ. ಟ್ರಿಸ್ ಪ್ರೀತಿಸುವ ಟೋಬಿಯಸ್ ತಾನೂ ಅವಳ ಹಾಗೆ ಡೈವರ್ಜೆಂಟ್, ಅಂದರೆ ಯಾವ ಒಂದೇ ಪಂಗಡಕ್ಕೂ ಹೊಂದದ ಬೇರೆ ಥರದವನು ಅಂತ ನಂಬಿದ್ದ. ಇಲ್ಲ, ನಿನ್ನ ಜೀನ್ ಕೆಟ್ಟದ್ದು ಅಂತ ಒಬ್ಬರು ಹೇಳುತ್ತಾರೆ. ಅಷ್ಟೇ. ನಿನ್ನೆ ಇದ್ದವನೇ ಇವತ್ತೂ ಇದ್ದಾನೆ, ಆದರೆ ಒಳಗೆ ಕುಸಿದುಹೋಗುತ್ತಾನೆ. ಒಂದು ಹಣೆಪಟ್ಟಿ ಮನುಷ್ಯನನ್ನು ಹೇಗೆ ಮುರಿಯುತ್ತದೆ ಅನ್ನುವುದನ್ನು ರಾಥ್ ಚೆನ್ನಾಗಿ ಕಂಡಿದ್ದಾರೆ.

ಆದರೆ ನನಗೆ ಎರಡು ತಕರಾರು. ಜೀನ್ ಶುದ್ಧಿಯ ಮಾತೆಲ್ಲ ಸುಳ್ಳು ಅಂತ ಪುಸ್ತಕ ವಾದ ಮಾಡುತ್ತದೆ, ಸರಿ. ಆ ವಾದ ಮಾಡುವ, ಕೊನೆಗೆ ಎಲ್ಲರನ್ನೂ ಉಳಿಸುವ ನಾಯಕಿ ಮಾತ್ರ ಅದೇ ಲೆಕ್ಕದಲ್ಲಿ ಶುದ್ಧಳು. ಇದು ವಾದದ ಕಾಲನ್ನೇ ಎಳೆಯುತ್ತದೆ. ಎರಡನೆಯದು ಇನ್ನೂ ದೊಡ್ಡದು. ಹೊರಗಿನವರು ಶಿಕಾಗೊ ಜನರ ನೆನಪನ್ನೆಲ್ಲ ಔಷಧಿಯಿಂದ ಅಳಿಸಲು ಹೊರಡುತ್ತಾರೆ. ಇದು ಘೋರ ಅಂತ ಟ್ರಿಸ್ ಮತ್ತು ಗೆಳೆಯರು ಸಿಡಿದೇಳುತ್ತಾರೆ. ತಡೆಯಲು ಅವರು ಮಾಡುವುದೇನು? ಅದೇ ಔಷಧಿಯನ್ನು ಆ ಹೊರಗಿನವರ ಮೇಲೆ ಬಿಡುತ್ತಾರೆ. ಅಪರಾಧ ಮಾಡಿದವರು, ಮಾಡದವರು, ಎಲ್ಲರ ನೆನಪೂ ಹೋಗುತ್ತದೆ. ಈ ಕೆಲಸದಲ್ಲಿ ಟ್ರಿಸ್ ಸಾಯುತ್ತಾಳೆ, ಅಣ್ಣ ಕೇಲೆಬ್ ಹೋಗಬೇಕಿದ್ದ ಜಾಗಕ್ಕೆ ತಾನು ಹೋಗಿ. ಆ ಸಾವಿಗೆ ನಮಗೂ ಅಳು ಬರುತ್ತದೆ. ಆದರೆ ಅಳುವಿನಲ್ಲಿ ಪ್ರಶ್ನೆ ಮುಳುಗಿಹೋಗುತ್ತದೆ. ನಾವೂ ಅವರು ಮಾಡಿದ್ದನ್ನೇ ಮಾಡಿದೆವಲ್ಲ ಅಂತ ಯಾರೂ ರಾತ್ರಿ ನಿದ್ದೆಗೆಡುವುದಿಲ್ಲ. ಕಾಲಿನ್ಸ್ ಆಗಿದ್ದರೆ ಪುಸ್ತಕದ ಅರ್ಧ ಭಾಗ ಅದರ ಮೇಲೇ ಇರುತ್ತಿತ್ತು. ನಾಯಕಿ ಸತ್ತಳು ಅಂತ ಆಗ ಓದುಗರು ತುಂಬಾ ಬೈದರು. ನನ್ನ ಬೇಸರ ಸಾವಿನ ಬಗ್ಗೆ ಅಲ್ಲ, ಆ ಔಷಧಿಯ ಬಗ್ಗೆ. ಸಿನಿಮಾದವರು ಈ ಪುಸ್ತಕವನ್ನು ಎರಡು ಭಾಗ ಮಾಡಿ ಮೊದಲನೆಯದನ್ನು 2016ರಲ್ಲಿ ತಂದರು. ಅದು ಓಡಲಿಲ್ಲ. ಎರಡನೆಯದು ಬರಲೇ ಇಲ್ಲ.

ಮೇಜ್ ರನ್ನರ್ ಬಗ್ಗೆ ಹುಡುಗರು ಕೇಳುತ್ತಾರೆ ಅಂತ ಗೊತ್ತು. ಜೇಮ್ಸ್ ಡ್ಯಾಷ್ನರ್ ಅವರದ್ದು, ಮೊದಲ ಪುಸ್ತಕ 2009ರದ್ದು. ನೆನಪು ಕಳೆದುಕೊಂಡ ಹುಡುಗರು, ಸುತ್ತ ಗೋಡೆಗಳ ಜಟಿಲ ದಾರಿ. ಓಟ ಜೋರಾಗಿದೆ, ಕೆಳಗಿಡಲು ಆಗುವುದಿಲ್ಲ. ಒಂದು ರೋಗಕ್ಕೆ ಮದ್ದು ಹುಡುಕಲು ಮಕ್ಕಳನ್ನು ಹಿಂಸಿಸಬಹುದಾ ಅನ್ನುವ ಪ್ರಶ್ನೆಯೂ ಒಳ್ಳೆಯದೇ. ಆದರೆ ಮೂರನೇ ಪುಸ್ತಕದಲ್ಲಿ ಉತ್ತರದ ಜಾಗದಲ್ಲಿ ಬಾಗಿಲೊಂದು ತೆರೆಯುತ್ತದೆ, ರೋಗ ತಗಲದವರು ಅದರಲ್ಲಿ ದಾಟಿ ಬೇರೆ ಜಾಗಕ್ಕೆ ಹೋಗುತ್ತಾರೆ. ಉಳಿದ ಲೋಕ ಹಿಂದೆಯೇ ಬಿತ್ತು. ನನಗೆ ಅದು ಸಾಲಲಿಲ್ಲ.

ಈಗ ನಾನು ಎಲ್ಲಕ್ಕಿಂತ ಮೇಲೆ ಇಡುವ ಸರಣಿ. ಇಲ್ಲಿ ಕಡಿಮೆ ಜನ ಓದಿರುವುದೂ ಇದನ್ನೇ. ಪ್ಯಾಟ್ರಿಕ್ ನೆಸ್ ಬರೆದ ಕೇಯಾಸ್ ವಾಕಿಂಗ್. ಇದೂ 2008, 2009, 2010. ಅದರ ಮೂರನೇ ಪುಸ್ತಕಕ್ಕೆ 2011ರಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ಬ್ರಿಟನ್ನಿನ ಕಾರ್ನೆಗಿ ಪದಕ ಬಂತು. ಬೇರೊಂದು ಗ್ರಹ. ಅಲ್ಲಿ ಗಂಡಸರ ಮನಸ್ಸಿನಲ್ಲಿ ಓಡುವುದೆಲ್ಲ ಹೊರಗೆ ಕೇಳಿಸುತ್ತದೆ. ಅದಕ್ಕೆ ಸದ್ದು ಅಂತಲೇ ಹೆಸರು. ಹೆಂಗಸರ ಮನಸ್ಸು ಕೇಳಿಸುವುದಿಲ್ಲ. ಆ ಒಂದು ವ್ಯತ್ಯಾಸವನ್ನು ತಡೆದುಕೊಳ್ಳಲಾಗದೆ ಒಂದು ಊರಿನ ಗಂಡಸರು ಏನು ಮಾಡಿದರು ಅನ್ನುವುದು ಮೊದಲ ಪುಸ್ತಕದ ಗುಟ್ಟು. ಟಾಡ್ ಆ ಊರಿನ ಕೊನೆಯ ಹುಡುಗ. ವಯೋಲಾ ಆಕಾಶದಿಂದ ಬಂದ ಹುಡುಗಿ. ಇಬ್ಬರೂ ಊರಿನ ಮೇಯರ್ ಪ್ರೆಂಟಿಸ್‌ನಿಂದ ತಪ್ಪಿಸಿಕೊಂಡು ಓಡುತ್ತಾರೆ.

ಎರಡನೇ ಪುಸ್ತಕದಲ್ಲಿ ಟಾಡ್ ಸಿಕ್ಕಿಬೀಳುತ್ತಾನೆ. ಅವನಿಗೆ ಕೆಲಸ ಕೊಡುತ್ತಾರೆ. ಆ ಗ್ರಹದ ಮೂಲ ಜನ ಸ್ಪ್ಯಾಕಲ್‌ಗಳಿಗೆ ನಂಬರ್ ಇರುವ ಲೋಹದ ಪಟ್ಟಿ ತೊಡಿಸುವ ಕೆಲಸ. ಮಾಡದಿದ್ದರೆ ವಯೋಲಾಗೆ ತೊಂದರೆ. ಅವನು ಮಾಡುತ್ತಾನೆ. ದಿನಾ ಮಾಡುತ್ತಾನೆ. ಮಾಡುತ್ತಾ ಮಾಡುತ್ತಾ ಏನೂ ಅನಿಸದ ಹಾಗೆ ಮನಸ್ಸನ್ನು ಮುಚ್ಚಿಕೊಳ್ಳುತ್ತಾನೆ. ಆಮೇಲೆ ಅಂಥದ್ದೇ ಪಟ್ಟಿ ಊರಿನ ಹೆಂಗಸರ ಕೈಗೂ ಬೀಳುತ್ತದೆ. ಇತ್ತ ವಯೋಲಾ ಇರುವುದು ಮೇಯರ್ ವಿರುದ್ಧ ಹೋರಾಡುವವರ ಜೊತೆ. ಅವರ ನಾಯಕಿ ಮಿಸ್ಟ್ರೆಸ್ ಕಾಯ್ಲ್ ಮೊದಲು ಜನರ ಗಾಯ ವಾಸಿ ಮಾಡುತ್ತಿದ್ದವಳು. ಈಗ ಬಾಂಬ್ ಇಡುತ್ತಾಳೆ.

ಮೂರನೇ ಪುಸ್ತಕದಲ್ಲಿ ನೆಸ್ ಕತೆ ಹೇಳಲು ಹೊಸದೊಂದು ದನಿ ತರುತ್ತಾರೆ. 1017. ಟಾಡ್ ಪಟ್ಟಿ ತೊಡಿಸಿದ ಒಬ್ಬ ಸ್ಪ್ಯಾಕಲ್‌ನ ನಂಬರ್ ಅದು. ತನ್ನವರೆಲ್ಲ ಸತ್ತು ಉಳಿದವನು. ಅವನಿಗೆ ಎಲ್ಲರಿಗಿಂತ ಜಾಸ್ತಿ ದ್ವೇಷ ಇರುವುದು ಮೇಯರ್ ಮೇಲಲ್ಲ, ಟಾಡ್ ಮೇಲೆ. ಯಾಕೆ ಅಂದರೆ ತಾನು ಮಾಡುತ್ತಿರುವುದು ತಪ್ಪು ಅಂತ ಟಾಡ್‌ಗೆ ಗೊತ್ತಿತ್ತು. ಅವನ ಸದ್ದಿನಲ್ಲಿ ಅದು ಕೇಳಿಸುತ್ತಿತ್ತು. ಗೊತ್ತಿದ್ದೂ ಮಾಡಿದ. ಮೂರು ಪುಸ್ತಕ ನಾವು ಯಾರನ್ನು ಪ್ರೀತಿಸಿಕೊಂಡು ಬಂದೆವೋ ಅವನನ್ನು ಅವನ ಕೈಯಲ್ಲಿ ನೊಂದವನ ಕಣ್ಣಿನಿಂದ ನೋಡಬೇಕಾಗುತ್ತದೆ. ಹಂಗರ್ ಗೇಮ್ಸ್‌ನಲ್ಲಿ ತಪ್ಪು ಮಾಡುವವರು ನಾಯಕರು, ಸೇನೆಯವರು. ಇಲ್ಲಿ ನಾನು ಅಂತ ಕತೆ ಹೇಳುವವನೇ. ಮಾಕಿಂಗ್‌ಜೇಗಿಂತ ಇದನ್ನು ಒಂದು ಮೆಟ್ಟಿಲು ಮೇಲೆ ಇಡುವುದು ಅದಕ್ಕೇ.

ಮಲೋರಿ ಬ್ಲ್ಯಾಕ್‌ಮನ್ ಅವರ ನಾಟ್ಸ್ ಅಂಡ್ ಕ್ರಾಸಸ್ ಇವಕ್ಕಿಂತ ಹಳೆಯದು, 2001ರದ್ದು. ಅಲ್ಲಿ ಕರಿಯರು ಆಳುವವರು, ಬಿಳಿಯರು ಕೆಳಗಿನವರು. ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಕೂಡ ಕಂದು ಬಣ್ಣದ್ದೇ ಸಿಗುತ್ತದೆ, ಬಿಳಿ ಹುಡುಗಿಯ ಹಣೆಯ ಮೇಲೆ ಅದು ಎದ್ದು ಕಾಣುತ್ತದೆ. ಇಷ್ಟು ಸಣ್ಣ ವಿವರದಲ್ಲಿ ಇಡೀ ವ್ಯವಸ್ಥೆ ಕಂಡುಬಿಡುತ್ತದೆ, ಅಲ್ವಾ? ಮೊದಲ ಪುಸ್ತಕದ ಕೊನೆಗೆ ಕ್ಯಾಲಮ್ ಎಂಬ ಹುಡುಗನಿಗೆ ಗಲ್ಲಾಗುತ್ತದೆ. ಮೂರನೇ ಪುಸ್ತಕ ಅವನ ಮಗಳದ್ದು. ಅಪ್ಪನ ಅಣ್ಣನೇ ಆ ಹುಡುಗಿಯ ತಲೆಯಲ್ಲಿ ದ್ವೇಷ ತುಂಬಿ ಮೈಗೆ ಬಾಂಬ್ ಕಟ್ಟಲು ತಯಾರು ಮಾಡುತ್ತಾನೆ. ಅನ್ಯಾಯಕ್ಕೆ ಒಳಗಾದ ಮನೆಯೊಳಗೇ ಇದು ನಡೆಯುತ್ತದೆ.

ಎಲ್ಲಕ್ಕೂ ಮುಂಚಿನದು ಲೋಯಿಸ್ ಲೌರಿ ಅವರ ದಿ ಗಿವರ್, 1993. ನೋವಿಲ್ಲದ, ಬಣ್ಣವಿಲ್ಲದ ಊರಿನಿಂದ ಜೋನಸ್ ಎಂಬ ಹುಡುಗ ಒಂದು ಮಗುವನ್ನು ಎತ್ತಿಕೊಂಡು ಓಡಿಹೋಗುವ ಕತೆ. ಇದು ಸರಣಿ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಟ್ಟು ನಾಲ್ಕಿವೆ. ಮೂರನೆಯದು ಮೆಸೆಂಜರ್, 2004ರದ್ದು, ಸಣ್ಣ ಪುಸ್ತಕ. ಬೇರೆ ಕಡೆಯಿಂದ ಓಡಿಸಲ್ಪಟ್ಟವರು, ಕುರುಡರು, ಕುಂಟರು ಸೇರಿ ಕಟ್ಟಿಕೊಂಡ ಒಂದು ಹಳ್ಳಿ. ಬಂದವರನ್ನೆಲ್ಲ ಬಾ ಅಂತ ಕರೆದು ಜಾಗ ಕೊಟ್ಟ ಹಳ್ಳಿ. ನಿಧಾನಕ್ಕೆ ಜನ ಬದಲಾಗುತ್ತಾರೆ. ಇನ್ನು ಯಾರೂ ಬರುವುದು ಬೇಡ ಅಂತ ಸಭೆ ಸೇರಿ ಮತ ಹಾಕುತ್ತಾರೆ. ಅದಕ್ಕೆ ಮುಂದಾಳು ಊರಿನ ಎಲ್ಲರೂ ಪ್ರೀತಿಸುವ ಮೇಷ್ಟ್ರು. ಮೇಷ್ಟ್ರ ಕೆಲಸ ಮಾಡುವ ನನಗೆ ಆ ಪುಟ ಓದುವಾಗ ತುಂಬಾ ನೋವಾಯಿತು. ಇಲ್ಲಿ ಕೆಟ್ಟ ಸರ್ಕಾರವೇ ಇಲ್ಲ. ಇರುವುದು ಒಳ್ಳೆಯ ಜನ, ಒಂದು ಗೋಡೆ ಮತ್ತು ಒಂದು ಮತದಾನ.

ಮಾತು ಮುಗಿದ ಮೇಲೆ ತಾಯಿಯೊಬ್ಬರು ಯಾವ ವಯಸ್ಸಿಗೆ ಯಾವುದು ಕೊಡಬೇಕು ಅಂತ ಕೇಳಿದರು. ದಿ ಗಿವರ್ 11, 12ಕ್ಕೆ ಆಗುತ್ತದೆ. ಹಂಗರ್ ಗೇಮ್ಸ್ 13ಕ್ಕೆ. ಕೇಯಾಸ್ ವಾಕಿಂಗ್‌ಗೆ 15 ಆಗಲಿ, ಅದರಲ್ಲಿ ಹಿಂಸೆ ಜಾಸ್ತಿ ಇದೆ. ಕೊಡುವುದಾದರೆ ಮೂರೂ ಪುಸ್ತಕ ಒಟ್ಟಿಗೆ ಕೊಡಿ ಅಂದೆ.

ಆಮೇಲೆ ಮೊದಲು ಮಾತಾಡಿದ ಹುಡುಗಿಯೇ ಮತ್ತೆ ಎದ್ದು ನಿಂತಳು. ಮಾಕಿಂಗ್‌ಜೇ ಕೊನೆಯಲ್ಲಿ ಕಾಯಿನ್ ಹಿಂದಿನ ಆಟಗಳಲ್ಲಿ ಗೆದ್ದು ಇನ್ನೂ ಬದುಕಿರುವ 7 ಜನರನ್ನು ಕೂರಿಸಿ ಕೇಳುತ್ತಾಳೆ: ರಾಜಧಾನಿಯವರ ಮಕ್ಕಳನ್ನು ಸೇರಿಸಿ ಇನ್ನೊಂದು ಆಟ ಆಡಿಸೋಣವಾ? ಕ್ಯಾಟ್ನಿಸ್ ಜೊತೆ ಆಟಕ್ಕೆ ಹೋಗಿದ್ದ ಪೀಟಾ ಬೇಡ ಅನ್ನುತ್ತಾನೆ, ಇನ್ನಿಬ್ಬರೂ ಬೇಡ ಅನ್ನುತ್ತಾರೆ. ಬೇರೆ ಇಬ್ಬರು ಹೌದು ಅನ್ನುತ್ತಾರೆ. ಕ್ಯಾಟ್ನಿಸ್ ಕೂಡ ಹೌದು, ಪ್ರಿಮ್‌ಗಾಗಿ ಅನ್ನುತ್ತಾಳೆ. "ಅವಳು ಯಾಕೆ ಮಿಸ್ ಹಾಗಂದಳು? ನಿಜವಾಗ್ಲೂ ಅಂದಳಾ?"

ಮೊದಲ ಸಲ ಓದಿದಾಗ ನಿಜ ಅಂತಲೇ ಅಂದುಕೊಂಡಿದ್ದೆ, ತಂಗಿಯನ್ನು ಕಳೆದುಕೊಂಡ ಸಿಟ್ಟು ಅಂತ. ಈಗ ಹಾಗೆ ಅನಿಸುವುದಿಲ್ಲ. ಆ ಹೌದು ಕಾಯಿನ್‌ಗೆ ಕೇಳಿಸಲು ಹೇಳಿದ್ದು. ಕಾಯಿನ್ ತನ್ನನ್ನು ನಂಬಬೇಕು, ಬಿಲ್ಲು ಕೈಗೆ ಬರಬೇಕು. ಮಾರನೇ ದೃಶ್ಯದಲ್ಲಿ ಸ್ನೋನನ್ನು ಕೊಲ್ಲಲು ನಿಂತವಳು ಬಾಣವನ್ನು ಮೇಲಕ್ಕೆ ತಿರುಗಿಸಿ ಕಾಯಿನ್‌ಗೆ ಬಿಡುತ್ತಾಳಲ್ಲ. ಇದನ್ನು ಕಾಲಿನ್ಸ್ ಬಿಡಿಸಿ ಹೇಳುವುದಿಲ್ಲ. ಆದರೆ ಆಟಕ್ಕೆ ಹೋದಾಗ ಅವಳಿಗೆ ತರಬೇತಿ ಕೊಟ್ಟ ಹೇಮಿಚ್‌ನನ್ನು ನೋಡು ಅಂದೆ. ಕೊನೆಯ ಮತ ಅವನದ್ದು. ಪೀಟಾ ಅವನನ್ನು ಬೇಡಿಕೊಳ್ಳುತ್ತಿದ್ದಾನೆ. ಹೇಮಿಚ್ ಸ್ವಲ್ಪ ಹೊತ್ತು ಕ್ಯಾಟ್ನಿಸ್‌ಳ ಮುಖ ನೋಡುತ್ತಾನೆ. ಆಮೇಲೆ, ನಾನು ಅವಳ ಜೊತೆ ಅನ್ನುತ್ತಾನೆ. ಆ ಮುಖದಲ್ಲಿ ಅವನು ಏನು ಓದಿದ, ಮನೆಗೆ ಹೋಗಿ ಆ ಪುಟ ಇನ್ನೊಮ್ಮೆ ತೆಗೆದು ನೋಡು ಅಂದೆ.